ಟ್ರಂಕಿನಲ್ಲಿದ್ದ ಕಾಗದಗಳು

ನನ್ನ ತವರುಮನೆ ಕರೋಶಿಯಲ್ಲಿ. ಪಡಸಾಲೆಯ ಮೂಲೆಯಲ್ಲಿ ಹಸಿರು ಬಣ್ಣದ ಒಂದು ಕಬ್ಬಿಣದ ಟ್ರಂಕು ಇತ್ತು. ಚಿಕ್ಕವರಿದ್ದಾಗ ಅದರ ಮೇಲೆ ಕೂಡ್ರಲಿಕ್ಕೂ ಅಪ್ಪ ಬಿಡುತ್ತಿರಲಿಲ್ಲ. "ಏಳ್ರಿ ಮ್ಯಾಲ, ಅದರಾಗ ಹೊಲ ಅದಾವ" ಎಂದು ಗದರಿಸುತ್ತಿದ್ದ. ಆರು ಎಕರೆ ಹೊಲ ಆ ಟ್ರಂಕಿನಲ್ಲಿ ಹೇಗೆ ಹಿಡಿಸುತ್ತದೆ ಎಂದು ನಾನೂ ನನ್ನ ತಂಗಿಯೂ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆವು. ಅದರೊಳಗಿರುವುದು ಮಣ್ಣಲ್ಲ, ಕಾಗದ. ಕಾಗದವಿಲ್ಲದಿದ್ದರೆ ಮಣ್ಣೂ ತನ್ನದಲ್ಲ ಎಂಬುದು ತಿಳಿಯಲು ನಾನು ಬಿ.ಎ., ಬಿ.ಎಡ್. ಮುಗಿಸಿ, ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇತಿಹಾಸ ಕಲಿಸಿ, ತಲೆಗೂದಲು ಬೆಳ್ಳಗಾಗಬೇಕಾಯಿತು.

2002ರಲ್ಲಿ ಅಪ್ಪ ತೀರಿಕೊಂಡ. ಟ್ರಂಕಿನ ಕೀಲಿ ಅಣ್ಣನ ಕೈಗೆ ಹೋಯಿತು. ನಾವು ಹೆಣ್ಣುಮಕ್ಕಳು ಅದನ್ನು ಕೇಳಲೂ ಇಲ್ಲ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂಬ ಗಾದೆಯನ್ನು ಹುಟ್ಟಿದಾಗಿನಿಂದ ಕೇಳಿಕೊಂಡೇ ಬೆಳೆದವರಲ್ಲವೇ ನಾವು? ಆ ಟ್ರಂಕನ್ನು ನಾನು ಮೊದಲ ಸಲ ತೆರೆದು ನೋಡಿದ್ದು 2021ರಲ್ಲಿ. ಯಾಕೆ ತೆರೆಯಬೇಕಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅದರಲ್ಲಿ ಏನೇನಿತ್ತು ಎಂಬುದನ್ನು ಹೇಳಿಬಿಡುವೆ.

ತಳದಲ್ಲಿ ಹಳದಿಗಟ್ಟಿದ, ಮಡಿಕೆಯಲ್ಲೇ ಹರಿದುಹೋದ ಕಾಗದಗಳು. ಅಕ್ಷರ ಕನ್ನಡವೂ ಅಲ್ಲ, ಇಂದಿನ ಮರಾಠಿಯೂ ಅಲ್ಲ. ಅದು ಮೋಡಿ ಲಿಪಿ. ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತದಲ್ಲಿದ್ದಾಗ ಕುಲಕರ್ಣಿಗಳು ಲೆಕ್ಕಪತ್ರ ಬರೆಯುತ್ತಿದ್ದ ಲಿಪಿ. ಮನೆಯಲ್ಲಿ ಕನ್ನಡ ಮಾತಾಡುವ ಜನ ತಮ್ಮ ಹೊಲದ ಕಾಗದವನ್ನು ಮಾತ್ರ ಓದಲಾರರು! ನಿಪ್ಪಾಣಿಯ ಕಡೆಯ ಹಿರಿಯರೊಬ್ಬರಿಗೆ ಮೋಡಿ ಬರುತ್ತಿತ್ತು. ಅವರಿಂದ ಓದಿಸಿದಾಗ, ಅದೊಂದು ಸಾಲದ ಕಾಗದವೆಂದು ತಿಳಿಯಿತು. ಕೆಳಗೆ ಸಹಿಗಳ ಬದಲು ಚಿತ್ರಗಳಿದ್ದವು. ಒಂದು ನೇಗಿಲು. ಅದರ ಪಕ್ಕದಲ್ಲಿ ಒಂದು ಸಣ್ಣ ದುಂಡು ಗೆರೆ. ಓದು ಬಾರದ ಒಕ್ಕಲಿಗ ನೇಗಿಲಿನ ಗುರುತು ಹಾಕುತ್ತಿದ್ದ, ಹೆಂಗಸು ಬಳೆಯ ಗುರುತು ಹಾಕುತ್ತಿದ್ದಳು ಎಂದು ಆ ಹಿರಿಯರು ಹೇಳಿದರು. ಆ ಬಳೆ ನನ್ನ ಅಪ್ಪನ ಅಜ್ಜಿಯದು. ಅವಳ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅವಳ ಬಳೆ ಮಾತ್ರ ಕಾಗದದ ಮೇಲೆ ಉಳಿದಿದೆ. ಆ ಕಾಗದದಲ್ಲಿ ಏನು ಬರೆದಿದೆ ಎಂದು ಅವಳಿಗೆ ಯಾರಾದರೂ ಓದಿ ಹೇಳಿದ್ದರೇ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆಸ್ತಿಯ ಮಾತಿಗೆ ಸಾಕ್ಷಿ ಬೇಕು ಎಂಬುದು ನಿನ್ನೆ ಮೊನ್ನೆಯ ವಿಚಾರವಲ್ಲ. ನಮ್ಮ ರಾಯಬಾಗ, ಸವದತ್ತಿ ಕಡೆಯ ಹಳೆಯ ಗುಡಿಗಳಲ್ಲಿ ನಿಂತಿರುವ ಕಲ್ಲುಗಳನ್ನು ನೋಡಿ. ಮೇಲ್ಗಡೆ ಸೂರ್ಯ, ಚಂದ್ರ, ಆಕಳು-ಕರು. ಕೆಳಗೆ ಇಂಥ ಹೊಲವನ್ನು ಇಂಥವರು ಇಂಥ ಗುಡಿಗೆ ಬಿಟ್ಟರು ಎಂಬ ಬರಹ, ಹೊಲದ ನಾಲ್ಕು ದಿಕ್ಕಿನ ಚಕ್ಕಬಂದಿ, ಕಡೆಗೆ ಇದಕ್ಕೆ ತಪ್ಪಿದವರಿಗೆ ಶಾಪ. ಬರೆದ ಸೇನಬೋವನ ಹೆಸರೂ ಎಷ್ಟೋ ಕಡೆ ಇರುತ್ತದೆ. ಈ ಸೇನಬೋವನೇ ಮುಂದೆ ಶಾನುಭೋಗನಾದ. ಸೂರ್ಯಚಂದ್ರರು ಸಾಕ್ಷಿ, ಶಾಪವೇ ದಂಡ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನ ಹೆಸರನ್ನು ನಾನು ವರ್ಷ ವರ್ಷವೂ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ 'ಮಿತಾಕ್ಷರಾ' ಎಂಬ ವ್ಯಾಖ್ಯಾನವೇ ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಶತಮಾನಗಳ ಕಾಲ ಆಧಾರವಾಯಿತು. ಮಗ ಹುಟ್ಟಿದ ಕ್ಷಣದಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲುದಾರ ಎಂಬ ತತ್ವ ಅದರದು. ಮಗಳಿಗೆ ಆ ಹಕ್ಕು ಇರಲಿಲ್ಲ. ಆದರೂ ಸ್ತ್ರೀಧನದ ವಿಷಯದಲ್ಲಿ ವಿಜ್ಞಾನೇಶ್ವರ ಉದಾರಿ; ಹೆಣ್ಣಿಗೆ ಯಾವ ದಾರಿಯಿಂದ ಬಂದ ಸೊತ್ತಾದರೂ ಅದು ಅವಳದೇ ಎಂದು ಅರ್ಥ ಹಿಗ್ಗಿಸಿದವನು. ಇನ್ನು ವಿಷ್ಣುಸ್ಮೃತಿ ಎಂಬ ಹಳೆಯ ಗ್ರಂಥ ಕಾಗದಪತ್ರಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ರಾಜನ ಕಚೇರಿಯ ಅಧಿಕಾರಿ ಮುದ್ರೆಯೊತ್ತಿದ ಪತ್ರ, ಬರೀ ಸಾಕ್ಷಿದಾರರಿರುವ ಪತ್ರ, ಸಾಕ್ಷಿಯೇ ಇಲ್ಲದ ಪತ್ರ. ಇಂದಿಗೂ ನಮ್ಮ ಕೋರ್ಟುಗಳಲ್ಲಿ ನಡೆಯುವ ವಾದವೆಲ್ಲ ಹೆಚ್ಚು ಕಡಿಮೆ ಈ ಮೂರರ ಸುತ್ತಲೇ ಅಲ್ಲವೇ?

ಒಂದು ಕಾಗದದ ಮೇಲಿನ ಸಂಶಯ ಎಂಥ ಅನಾಹುತಕ್ಕೆ ದಾರಿ ಮಾಡಬಲ್ಲದು ಎನ್ನುವುದಕ್ಕೆ ನಮ್ಮ ಜಿಲ್ಲೆಯ ಕಿತ್ತೂರೇ ಉದಾಹರಣೆ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಹುಡುಗನೊಬ್ಬನನ್ನು ದತ್ತಕ ತೆಗೆದುಕೊಂಡಿದ್ದೇನೆ ಎಂಬ ಅವನ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈ ಸೇರಿತು. ಈ ಸಹಿ ಸಾಯುವವನ ಕೈಯದೇ, ಅಥವಾ ಸತ್ತ ಮೇಲೆ ಬೇರೆಯವರು ಹಾಕಿದ್ದೇ ಎಂದು ಅವನು ಸಂಶಯಪಟ್ಟ. ದತ್ತಕ ಒಪ್ಪಲಿಲ್ಲ. ಸಂಸ್ಥಾನವನ್ನು ನುಂಗುವ ಆಸೆ ಕುಂಪಣಿಗೆ ಇದ್ದೇ ಇತ್ತು, ಅದಕ್ಕೆ ಸಹಿಯ ನೆಪ ಸಿಕ್ಕಿತು. ಆಮೇಲಿನದು ನಿಮಗೆಲ್ಲ ಗೊತ್ತು. ಅಕ್ಟೋಬರ್ 23ರ ಯುದ್ಧದಲ್ಲಿ ಥ್ಯಾಕರೆ ಸತ್ತ, ಚೆನ್ನಮ್ಮರಾಣಿ ಕೊನೆಗೆ ಸೆರೆಸಿಕ್ಕಿ 1829ರಲ್ಲಿ ಬೈಲಹೊಂಗಲದಲ್ಲಿ ಕಣ್ಣು ಮುಚ್ಚಿದಳು. ಈ ಪಾಠ ಮಾಡುವಾಗೆಲ್ಲ ನಾನು ಖಡ್ಗದ ಬಗ್ಗೆಯೇ ಹೇಳುತ್ತಿದ್ದೆ. ಈಗೀಗ ಆ ಪತ್ರದ ಬಗ್ಗೆಯೂ ಹೇಳುತ್ತೇನೆ.

'ನೋಟರಿ' ಎಂಬ ಶಬ್ದ ರೋಮನ್ನರ ಕಾಲದ್ದು. ಆಡಿದ ಮಾತನ್ನು ಬೇಗ ಬೇಗ ಟಿಪ್ಪಣಿ ಮಾಡಿಕೊಳ್ಳುವವನಿಗೆ ಅಲ್ಲಿ ಆ ಹೆಸರು. ಫ್ರಾನ್ಸ್, ಇಟಲಿಗಳಲ್ಲಿ ಇಂದಿಗೂ ನೋಟರಿಯೆಂದರೆ ದೊಡ್ಡ ಅಧಿಕಾರಿ. ಮನೆ ಖರೀದಿ, ಆಸ್ತಿಯ ಹಂಚಿಕೆ ಎಲ್ಲವೂ ಅವನ ಮೂಲಕವೇ ಆಗಬೇಕು. ಇಂಗ್ಲೆಂಡಿನಲ್ಲಿ ಹಾಗಲ್ಲ, ನಮಗೆ ಬಂದದ್ದು ಇಂಗ್ಲೆಂಡಿನ ಪದ್ಧತಿ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ನೋಟರಿಗಳು ಮುಖ್ಯವಾಗಿ ಮುಂಬಯಿ, ಕಲ್ಕತ್ತೆಗಳಂಥ ಬಂದರು ಪಟ್ಟಣಗಳಲ್ಲಿ ವ್ಯಾಪಾರಿಗಳ ಹುಂಡಿ ಪತ್ರಗಳ ಕೆಲಸ ಮಾಡುತ್ತಿದ್ದವರು. ಕೆಲವರಿಗೆ ಅಧಿಕಾರ ಬರುತ್ತಿದ್ದುದು ಇಂಗ್ಲೆಂಡಿನ ಕ್ಯಾಂಟರ್ಬರಿಯ ಧರ್ಮಗುರುವಿನ ಕಚೇರಿಯಿಂದ! 1881ರ ಕಾಯದೆಯೊಂದು ಸರಕಾರಕ್ಕೂ ನೇಮಿಸುವ ಅಧಿಕಾರ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ನಮ್ಮದೇ ನೋಟರಿ ಕಾಯದೆ ಆಯಿತು. ಅದು ಜಾರಿಗೆ ಬಂದದ್ದು 1956ರ ಫೆಬ್ರುವರಿ 14ರಂದು.

ಈ 1956ನೆಯ ಇಸವಿಯನ್ನು ತುಸು ನೆನಪಿಡಿ. ಅದೇ ವರ್ಷ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯದೆ ಜಾರಿಗೆ ಬಂತು. ಅಲ್ಲಿಯವರೆಗೆ ವಿಧವೆಗೆ ಗಂಡನ ಆಸ್ತಿ ಸಿಕ್ಕರೂ ಅದು ಬದುಕಿರುವತನಕ ಉಣ್ಣಲಿಕ್ಕೆ ಮಾತ್ರ, ಮಾರಲಿಕ್ಕಲ್ಲ. ಆ ಕಾಯದೆಯ 14ನೆಯ ಕಲಮು ಅದನ್ನು ಅವಳ ಸ್ವಂತದ್ದು ಮಾಡಿತು. ಅದೇ ವರ್ಷ ನವೆಂಬರ್ 1ರಂದು ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿಯಿಂದ ಕಳಚಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಡಿಸೆಂಬರ್ 21ರಂದು ದತ್ತಕದ ಕಾಯದೆ ಜಾರಿಗೆ ಬಂದು, ವಿಧವೆ ತನಗಾಗಿ ತಾನೇ ದತ್ತಕ ತೆಗೆದುಕೊಳ್ಳಬಹುದು ಎಂದಾಯಿತು. ಕೊಡುವವರೂ ತೆಗೆದುಕೊಳ್ಳುವವರೂ ಸಹಿ ಮಾಡಿ ರಜಿಸ್ಟರ್ ಮಾಡಿಸಿದ ದತ್ತಕ ಪತ್ರವಿದ್ದರೆ, ಸುಳ್ಳೆಂದು ಸಿದ್ಧವಾಗುವವರೆಗೆ ಕೋರ್ಟು ಅದನ್ನು ನಿಜವೆಂದೇ ತಿಳಿಯಬೇಕು. ಕಿತ್ತೂರಿನ ಹಗೇವಿನ ಮೇಲೆ 132 ವರ್ಷಗಳ ತರುವಾಯ ಹಾಕಿದ ಮುಚ್ಚಳವದು. ಟ್ರಂಕಿನಲ್ಲೂ 1956ರ ಗೆರೆ ಎದ್ದು ಕಾಣುತ್ತದೆ. ಅದರ ಕೆಳಗೆ ಮೋಡಿ, ಮರಾಠಿ. ಮೇಲೆ ಬರಬರುತ್ತ ಕನ್ನಡ. ನಮ್ಮ ಜನ ಮಾತ್ರ ಇಂದಿಗೂ 'ಉತಾರ', 'ವಾಟ್ನಿ', 'ತಲಾಠಿ' ಎಂಬ ಮುಂಬಯಿ ಕಾಲದ ಮಾತುಗಳನ್ನೇ ಆಡುತ್ತಾರೆ.

ಇನ್ನು ನನ್ನ ಕಥೆಗೆ ಬರುತ್ತೇನೆ. ನನ್ನ ಮದುವೆಯಾದದ್ದು 1993ರ ಮೇ ತಿಂಗಳಲ್ಲಿ. ತಂಗಿಯ ಮದುವೆ 1996ರಲ್ಲಿ. ನಮ್ಮಿಬ್ಬರ ಮದುವೆಗಳ ನಡುವೆ, 1994ರ ಜುಲೈ 30ರಂದು, ಕರ್ನಾಟಕ ಸರಕಾರ ಒಂದು ತಿದ್ದುಪಡಿ ತಂದಿತು. ಅದರ ಪ್ರಕಾರ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. ಆದರೆ ಆ ದಿನಕ್ಕಿಂತ ಮೊದಲು ಮದುವೆಯಾದವಳಿಗೆ ಇದು ಇಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ತಟ್ಟೆಯಲ್ಲಿ ಉಂಡ ಅಕ್ಕ-ತಂಗಿಯರಲ್ಲಿ ತಂಗಿಗೆ ಹಕ್ಕು, ಅಕ್ಕನಿಗೆ ಇಲ್ಲ. ಆಗ ನಮಗಿಬ್ಬರಿಗೂ ಈ ಸುದ್ದಿಯೇ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಮದುವೆಯ ಭೇದ ಅಳಿಸಿತು. ಹಿಂದೂಗಳೆಂದರೆ ಈ ಕಾಯದೆಯಲ್ಲಿ ನಮ್ಮ ಭಾಗದ ಲಿಂಗಾಯತರು, ಜೈನರು ಎಲ್ಲರೂ ಬಂದರು. ಮುಸಲ್ಮಾನ ಗೆಳತಿಯರಿಗೆ ಅವರದೇ ಕಾನೂನು. ಅದರಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲು ಶತಮಾನಗಳಿಂದ ಇದೆ, ಕೈಗೆ ಬರುವುದು ಅಲ್ಲಿಯೂ ಅಪರೂಪ.

2008ರಲ್ಲಿ ಅಣ್ಣ ನಮ್ಮಿಬ್ಬರನ್ನೂ ಕರೆಸಿದ. "ಸೊಸೈಟಿ ಸಾಲಕ್ಕ ನಿಮ್ಮದೊಂದೊಂದು ಸಹಿ ಬೇಕಾಗೇತಿ, ಬೋರ್ ಹೊಡಸಬೇಕು" ಎಂದ. ಒಂದು ಊರಿನ ಒಬ್ಬ ನೋಟರಿಯ ಬಳಿ ಹೋದೆವು. ಊರಿನ ಹೆಸರೂ ಬೇಡ, ಅವರ ಹೆಸರೂ ಬೇಡ. ಬೆಳಿಗ್ಗೆಯಿಂದ ಗದ್ದಲ. ಅವರು ತಲೆಯೆತ್ತಿ ನಮ್ಮ ಮುಖ ನೋಡಲಿಲ್ಲ. "ಇಲ್ಲೊಂದು, ಇಲ್ಲೊಂದು, ರಜಿಸ್ಟರಿನ್ಯಾಗ ಒಂದು" ಎಂದು ಗುಮಾಸ್ತ ಬೆರಳು ತೋರಿಸಿದ ಕಡೆ ಸಹಿ ಮಾಡಿದೆವು. ಕೆಂಪು ಮುದ್ರೆ ಬಿತ್ತು. ಐದು ನಿಮಿಷದ ಕೆಲಸ. ಹೊರಗೆ ಬಂದು ಅಣ್ಣ ಮಂಡಕ್ಕಿ-ಮಿರ್ಚಿ ಕೊಡಿಸಿದ, ಮರುದಿನ ವೈನಿ ಇಬ್ಬರಿಗೂ ಸೀರೆ ಉಡಿಸಿ ಉಡಿ ತುಂಬಿದಳು. ಪರೀಕ್ಷೆಯ ದಿನ ಮಕ್ಕಳಿಗೆ "ಪ್ರಶ್ನೆಪತ್ರಿಕೆ ಎರಡೆರಡು ಸಲ ಓದ್ರಿ, ಆಮ್ಯಾಲ ಬರೀರಿ" ಎಂದು ಹೇಳುವ ಅಕ್ಕೋರು ನಾನು, ಆ ಕಾಗದವನ್ನು ಒಂದು ಸಲವೂ ಓದಲಿಲ್ಲ. ಅಪ್ಪನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ ಎಂಬ ನೆಪವಾದರೂ ಇತ್ತು. ನನಗೆ ಏನಿತ್ತು?

2015ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಅದು ನಮ್ಮ ಬೆಳಗಾವಿಯಲ್ಲೇ 1992ರಲ್ಲಿ ಶುರುವಾದ ಪ್ರಕಾಶ ವಿರುದ್ಧ ಫುಲಾವತಿ ಎಂಬ ದಾವೆ. 2005ರ ಸೆಪ್ಟೆಂಬರ್ 9ಕ್ಕೆ ತಂದೆಯೂ ಜೀವಂತ ಇದ್ದರೆ ಮಾತ್ರ ಮಗಳಿಗೆ ಈ ಹಕ್ಕು ಎಂದಿತು ಕೋರ್ಟು. ನನ್ನ ಅಪ್ಪ ಹೋದದ್ದು 2002ರಲ್ಲಿ. ಹಾಗಾಗಿ ಬಂದ ಹಕ್ಕು ಮತ್ತೆ ಹೋದಂತಾಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಮಗಳ ಹಕ್ಕು ಹುಟ್ಟಿನಿಂದ ಬರುವುದು, ತಂದೆ ಆ ದಿನ ಬದುಕಿರಬೇಕೆಂದಿಲ್ಲ ಎಂದಿತು. ಬಾಯಿಮಾತಿನಲ್ಲಿ ಎಂದೋ ವಾಟ್ನಿ ಆಗಿದೆ ಎಂದು ಹೇಳಿ ಹೆಣ್ಣುಮಕ್ಕಳ ಪಾಲು ತಪ್ಪಿಸುವುದನ್ನು ಸುಲಭವಾಗಿ ಒಪ್ಪಬಾರದು ಎಂದೂ ಹೇಳಿತು. ಒಬ್ಬ ಹೆಣ್ಣಿನ ಹಕ್ಕು ಇಪ್ಪತ್ತಾರು ವರ್ಷಗಳಲ್ಲಿ ಇಲ್ಲ, ಇದೆ, ಇಲ್ಲ, ಇದೆ ಎಂದು ಹೀಗೆ ಹೊಯ್ದಾಡಿತು. ಆ ಹೆಣ್ಣು ಮಾತ್ರ ಇದ್ದಲ್ಲೇ ಇದ್ದಳು, ರೊಟ್ಟಿ ಬಡಿಯುತ್ತ, ಶಾಲೆಗೆ ಹೋಗಿ ಬರುತ್ತ.

ಆ ಸುದ್ದಿ ಪೇಪರಿನಲ್ಲಿ ಬಂದ ದಿನ ತಂಗಿ ಫೋನ್ ಮಾಡಿದಳು. ಅವಳ ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಮಗಳನ್ನು ಓದಿಸುವುದಿತ್ತು. "ಅಕ್ಕಾ, ನನಗ ಕೇಳಲಿಕ್ಕ ನಾಚಿಕಿ ಬರ್ತೈತಿ. ಆದರ ಕೇಳದಿದ್ದರ ಮಗಳ ಕಾಲೇಜ ನಿಲ್ಲತೈತಿ" ಎಂದಳು. ಇಬ್ಬರೂ ಹೋಗಿ ಅಣ್ಣನ ಮುಂದೆ ಕೂತೆವು. ಅವನು ಎದ್ದು ಹೋಗಿ 2008ರ ಕಾಗದ ತಂದು ಮುಂದಿಟ್ಟ. "ನಮ್ಮ ಪಾಲಿನ ಬದಲು ಬಂಗಾರ, ರೊಕ್ಕ ಮುಟ್ಟಿದೆ, ಇನ್ನು ಮುಂದೆ ನಮಗೂ ನಮ್ಮ ವಾರಸದಾರರಿಗೂ ಯಾವ ಹಕ್ಕೂ ಇಲ್ಲ" ಎಂದು ಅದರಲ್ಲಿತ್ತು. ಕೆಳಗೆ ನನ್ನ ಅಂದವಾದ ಸಹಿ. ಪಕ್ಕದಲ್ಲಿ ಕೆಂಪು ಮುದ್ರೆ. "ನೋಟರಿ ಆಗೇತಿ, ಮುಗದೈತಿ" ಎಂದ ಅಣ್ಣ. ನಾವೂ ಮುಗಿಯಿತೆಂದೇ ತಿಳಿದೆವು. ಆ ವರ್ಷ ಪಂಚಮಿಗೆ ಕರೆಯಲು ಬಂದಿರಲಿಲ್ಲ, ಕೊರೋನಾ ಎಂದುಕೊಂಡಿದ್ದೆವು. ಮರುವರ್ಷವೂ ಬರಲಿಲ್ಲ.

ಅಣ್ಣನ ಮೇಲೆ ಬರೀ ತಪ್ಪು ಹೊರಿಸಿ ನಾನು ಇದನ್ನು ಬರೆಯಲಾರೆ. ಅಪ್ಪನ ಆಸ್ಪತ್ರೆಯ ಖರ್ಚು ಅವನೇ ಮಾಡಿದ. ನಮ್ಮಿಬ್ಬರ ಮದುವೆಯ ಸಾಲ ತೀರಿಸಿದವನೂ ಅವನೇ. ಎರಡು ಬೋರು ಫೇಲಾಗಿ ಮೂರನೆಯದಕ್ಕೆ ನೀರು ಬಂತು. ಕಬ್ಬಿನ ಬಿಲ್ಲಿಗೆ ಕಾಯ್ದು ಕಾಯ್ದು ಸಣ್ಣಾದ. ಹೊಲ ದುಡಿದವನಿಗೆ ಹೊಲದ ಮೇಲೆ ಆಸೆ ಇರಬಾರದೇ? ಅವನ ಜಾಗದಲ್ಲಿ ನಿಂತು ನೋಡಿದರೆ ಅದೂ ಸರಿಯೇ. ಆದರೆ ಸುಳ್ಳು ಹೇಳಿ ಸಹಿ ಮಾಡಿಸಿಕೊಂಡದ್ದು ಸರಿಯಲ್ಲ. ಅದನ್ನು ಓದದೆ ಸಹಿ ಮಾಡಿದ್ದೂ ಸರಿಯಲ್ಲ.

2021ರಲ್ಲಿ ಸಹೋದ್ಯೋಗಿಯೊಬ್ಬರು ಒಬ್ಬ ವಕೀಲ ಬಾಯಿಯವರ ಬಳಿ ಕರೆದುಕೊಂಡು ಹೋದರು. ಅವರೂ ನೋಟರಿಯೇ. ಹತ್ತು ವರ್ಷ ವಕೀಲಿ ಮಾಡಿದವರು ನೋಟರಿಯಾಗಬಹುದು, ಹೆಂಗಸರಾದರೆ ಏಳು ವರ್ಷ ಸಾಕು ಎಂದು ನನಗೆ ಗೊತ್ತಾದದ್ದು ಅವರಿಂದಲೇ. ಅವರು ನಮ್ಮ ಕಾಗದವನ್ನು ನಿಧಾನಕ್ಕೆ ಎರಡು ಸಲ ಓದಿದರು. ಆಮೇಲೆ ಕೇಳಿದರು: "ಇದು ಸಬ್ ರಜಿಸ್ಟ್ರಾರರ ಕಡೆ ರಜಿಸ್ಟರ್ ಆಗೇತೇನ್ರಿ?" ಇಲ್ಲವೆಂದೆವು. "ಅಂದರ ಅಕ್ಕೋರ, ಹೊಲ ಎಲ್ಲೂ ಹೋಗಿಲ್ಲ. ನೋಟರಿ ಅಂದರ ಸಾಕ್ಷಿ. ಸಾಕ್ಷಿ ಹಕ್ಕು ದಾಟಿಸಂಗಿಲ್ಲ" ಎಂದರು.

ಅವರು ಅಂದು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನು ಸೇರಿಸಿ ಇಲ್ಲಿ ಹೇಳುತ್ತೇನೆ. ನಮ್ಮಂಥವರಿಗೆ ಇದು ಅಡಿಗೆ ಮನೆಯ ಉಪ್ಪಿನಷ್ಟೇ ಅವಶ್ಯ.

ನೋಟರಿಯ ಕೆಲಸವೆಂದರೆ, ಇಂಥವರೇ ನನ್ನ ಮುಂದೆ ಬಂದು, ಬುದ್ಧಿಪೂರ್ವಕ ಸಹಿ ಮಾಡಿದರು ಎಂದು ಸರಕಾರದ ಪರವಾಗಿ ಸಾಕ್ಷಿ ನುಡಿಯುವುದು. ಅದಕ್ಕಾಗಿ ಅವರ ಬಳಿ ಒಂದು ರಜಿಸ್ಟರ್ ಇರುತ್ತದೆ, ಪ್ರತಿ ಕಾಗದಕ್ಕೂ ಅದರಲ್ಲಿ ನಂಬರು ಬೀಳಬೇಕು. ಐದು ಸೆಂಟಿಮೀಟರ್ ಅಗಲದ ದುಂಡು ಮುದ್ರೆಯಲ್ಲಿ ಅವರ ಹೆಸರು, ಅವರ ಕ್ಷೇತ್ರದ ಹೆಸರು ಇರಬೇಕು. ಫೀ ಎಷ್ಟೆಂಬುದು ನಿಯಮದಲ್ಲೇ ಗೊತ್ತುಪಡಿಸಿದೆ. ಪ್ರತಿಜ್ಞಾಪತ್ರ ಮಾಡಿಸುವುದು, ಮೂಲ ಕಾಗದದ ನಕಲು ಸರಿಯಾಗಿದೆ ಎಂದು ದೃಢೀಕರಿಸುವುದು, ಮುಖ್ತ್ಯಾರಪತ್ರಕ್ಕೆ ಸಾಕ್ಷಿಯಾಗುವುದು ಅವರಿಗೆ ದಿನನಿತ್ಯದ ಕೆಲಸ. ನೋಟರಿಯ ಮುಂದೆ ಮಾಡಿದ ಮುಖ್ತ್ಯಾರಪತ್ರವನ್ನು ಕೋರ್ಟು ಮೊದಲು ನಿಜವೆಂದೇ ಹಿಡಿಯುತ್ತದೆ. 1872ರ ಸಾಕ್ಷ್ಯ ಕಾಯದೆಯಲ್ಲಿದ್ದ ಈ ಮಾತು, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಹೊಸ ಕಾಯದೆಯಲ್ಲೂ ಉಳಿದಿದೆ. ಪರದೇಶದಲ್ಲಿರುವ ಮಗ ಅಥವಾ ಮಗಳು ಇಲ್ಲಿಯ ಆಸ್ತಿ ರಜಿಸ್ಟರಿಗಾಗಿ ಮುಖ್ತ್ಯಾರಪತ್ರ ಕಳಿಸುವುದಾದರೆ ಅಲ್ಲಿಯ ನೋಟರಿಯ ಅಥವಾ ಭಾರತದ ದೂತಾವಾಸದ ಮುಂದೆ ಮಾಡಿಸಿ ಕಳಿಸಬಹುದು. ಇಲ್ಲೇ ಇರುವವರು ಆ ಕೆಲಸಕ್ಕೆ ಸಬ್ ರಜಿಸ್ಟ್ರಾರರ ಮುಂದೆಯೇ ಮಾಡಿಸಬೇಕು. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಪತ್ರದ ಜೀವವೂ ಹೋಯಿತೆಂದೇ ತಿಳಿಯಿರಿ.

ನೋಟರಿಯಿಂದ ಆಗದ ಕೆಲಸಗಳೂ ಇವೆ. 1908ರ ನೋಂದಣಿ ಕಾಯದೆಯ ಪ್ರಕಾರ ನೂರು ರೂಪಾಯಿ ಅಥವಾ ಮೇಲ್ಪಟ್ಟ ಬೆಲೆಯ ಹೊಲಮನೆಯ ಖರೀದಿಪತ್ರ, ಹಕ್ಕು ಬಿಟ್ಟ ಪತ್ರ, ಹಾಗೂ ಬೆಲೆ ಎಷ್ಟೇ ಇರಲಿ ಹೊಲಮನೆಯ ಬಕ್ಷೀಸಪತ್ರ, ಇವೆಲ್ಲ ರಜಿಸ್ಟರ್ ಆಗಲೇಬೇಕು. ಇಂದು ನೂರು ರೂಪಾಯಿಗೆ ಹೊಲ ಎಲ್ಲಿದೆ? ಅಂದರೆ ಎಲ್ಲವೂ ರಜಿಸ್ಟರ್ ಆಗಬೇಕು ಎಂದೇ ಅರ್ಥ. ಬರೀ ಮುಖ್ತ್ಯಾರಪತ್ರ ಬರೆಸಿಕೊಂಡು ಪ್ಲಾಟು ಕೊಂಡರೆ ಮಾಲಕಿ ಬರುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದರೆ ಮದುವೆಯೂ ಆಗುವುದಿಲ್ಲ, ಸೋಡಚೀಟಿಯೂ ಆಗುವುದಿಲ್ಲ. ನೋಟರಿಗಳು ಇಂಥದನ್ನು ಮಾಡಕೂಡದು ಎಂದು 2024ರಲ್ಲಿ ಕೇಂದ್ರದ ಕಾನೂನು ಇಲಾಖೆಯೇ ಎಚ್ಚರಿಸಿದೆ. ಛಾಪಾ ಕಾಗದ ಎಂದ ಕೂಡಲೇ ನಡುಗುವ ನಮ್ಮ ಜನರಿಗೆ ಒಂದು ನೆನಪು: ದೇಶವನ್ನೇ ಅಲುಗಿಸಿದ ನಕಲಿ ಛಾಪಾ ಕಾಗದದ ತೆಲಗಿ ನಮ್ಮದೇ ಜಿಲ್ಲೆಯ ಖಾನಾಪುರದವನು. ಆ ಹಗರಣದ ಬಳಿಕವೇ ಕರ್ನಾಟಕದಲ್ಲಿ ಹಳೆಯ ಛಾಪಾ ಕಾಗದ ನಿಂತು ಇ-ಸ್ಟ್ಯಾಂಪ್ ಬಂದದ್ದು.

ಮೃತ್ಯುಪತ್ರದ ವಿಷಯದಲ್ಲಿ ಜನರಿಗಿರುವಷ್ಟು ತಪ್ಪು ತಿಳಿವಳಿಕೆ ಬೇರೆಯದರಲ್ಲಿಲ್ಲ. ಅದಕ್ಕೆ ಛಾಪಾ ಕಾಗದ ಬೇಡ. ನೋಟರಿಯೂ ಕಡ್ಡಾಯವಲ್ಲ, ರಜಿಸ್ಟರೂ ಕಡ್ಡಾಯವಲ್ಲ. ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಅವರು ಸಹಿ ಮಾಡಿದ್ದನ್ನು ಕಂಡ ಇಬ್ಬರು ಸಾಕ್ಷಿದಾರರ ಸಹಿ, ಇಷ್ಟು ಇರಲೇಬೇಕು. ಎಷ್ಟು ಮುದ್ರೆ ಬಿದ್ದರೂ ಆ ಇಬ್ಬರು ಇಲ್ಲದಿದ್ದರೆ ಪ್ರಯೋಜನವಿಲ್ಲ. ಆಸ್ತಿ ಪಡೆಯುವವರೇ ಸಾಕ್ಷಿಯಾಗದಿರುವುದು ಒಳ್ಳೆಯದು. ಮುಂದೆ ತಕರಾರು ಬಂದೀತೆಂಬ ಅಂಜಿಕೆ ಇದ್ದರೆ ರಜಿಸ್ಟರ್ ಮಾಡಿಸಬಹುದು, ಇಲ್ಲವೆ ಲಕೋಟೆಯಲ್ಲಿಟ್ಟು ಮೊಹರು ಮಾಡಿ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಇಟ್ಟುಬರಬಹುದು.

ಹೆಣ್ಣಿಗೆ ನೋಟರಿಯ ಕೆಲಸ ಹೆಚ್ಚು ಬೀಳುವುದು ಇನ್ನೊಂದು ಕಾರಣಕ್ಕೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಾದ ದಿನವೇ ಹುಡುಗಿಯ ಹೆಸರು ಬದಲಾಗುತ್ತದೆ. ಅಡ್ಡಹೆಸರು ಹೋಗಲಿ, ಅವ್ವ-ಅಪ್ಪ ಇಟ್ಟ ಹೆಸರೂ ಹೋಗುತ್ತದೆ. ಎಸ್.ಎಸ್.ಎಲ್.ಸಿ. ಕಾರ್ಡಿನಲ್ಲಿ ಒಬ್ಬಳು, ರೇಶನ್ ಕಾರ್ಡಿನಲ್ಲಿ ಇನ್ನೊಬ್ಬಳು. ಇಬ್ಬರೂ ನಾನೇ ಎಂದು ಪ್ರತಿಜ್ಞಾಪತ್ರ ಮಾಡಿಸಬೇಕು. ನಾನೂ ಮಾಡಿಸಿದ್ದೇನೆ. ನಾನು ನಾನೇ ಎಂದು ಹೇಳಲು ಮುದ್ರೆ ಬೇಕಾಯಿತಲ್ಲ ಎಂದು ಆ ದಿನ ನಗೆಯೂ ಬಂತು, ಕಣ್ಣೀರೂ ಬಂತು. ಪುಣ್ಯಕ್ಕೆ ಅದನ್ನಾದರೂ ಓದಿ ಸಹಿ ಮಾಡಿದೆ.

ಮುಂದೇನಾಯಿತು ಎಂದು ಕೇಳುತ್ತೀರಿ. ನಮ್ಮ ಹಕ್ಕು ಹೋಗಿಲ್ಲವೆಂದು ಅಣ್ಣನಿಗೂ ಯಾರೋ ಹೇಳಿರಬೇಕು. ಅವನು ಅವ್ವನಿಂದ ಮೃತ್ಯುಪತ್ರ ಮಾಡಿಸುವ ತಯಾರಿ ಮಾಡಿದ, ಎಲ್ಲ ಹೊಲವೂ ಅವನಿಗೇ ಎಂದು. ನೋಟರಿ ಮಾಡಿಸಲೆಂದು ಅವ್ವನನ್ನು ಕಾರಿನಲ್ಲಿ ಕೂಡ್ರಿಸಿಕೊಂಡು ಹೋದದ್ದು ಅದೇ ವಕೀಲ ಬಾಯಿಯವರ ಬಳಿಗೆ! ಅವರ ಬಳಿಗೆ ನಾವು ಹೋಗಿದ್ದು ಅವನಿಗೆ ಗೊತ್ತಿರಲಿಲ್ಲ. ಅವ್ವನಿಗೆ ಮೊಳಕಾಲು ನೋವು, ಮೆಟ್ಟಿಲು ಹತ್ತಲಾರಳು. "ಮುದುಕಿ ಕೆಳಗ ಕಾರಿನ್ಯಾಗ ಅದಾಳ್ರಿ, ಹೆಬ್ಬೆಟ್ಟು ಆಗೇತಿ, ನೀವು ಮುದ್ರಿ ಒತ್ತಿ ಬಿಡ್ರಿ" ಎಂದನ್ನಂತೆ. ಬಾಯಿಯವರು ಎದ್ದು ತಾವೇ ಕೆಳಗಿಳಿದು ಬಂದರು. ಅಣ್ಣನನ್ನು ದೂರ ನಿಲ್ಲಿಸಿ, ಕಾರಿನ ಬಾಗಿಲು ತೆರೆದು ಅವ್ವನ ಪಕ್ಕ ಕೂತು, ಕಾಗದದಲ್ಲಿದ್ದುದನ್ನು ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳಿದರು. ಇದನ್ನೆಲ್ಲ ಆಮೇಲೆ ನನಗೆ ಹೇಳಿದವಳು ಅವ್ವನೇ.

"ಯವ್ವಾ, ಇದು ನಿಮ್ಮ ಮನಸಿನ ಮಾತ ಹೌದೇನ್ರಿ?" ಎಂದು ಅವರು ಕೇಳಿದರಂತೆ.

"ನನಗ ಮೂರು ಮಕ್ಕಳರಿ. ಇದರಾಗ ಒಂದss ಐತಿ" ಎಂದಳಂತೆ ಅವ್ವ.

ಬಾಯಿಯವರು ಕಾಗದವನ್ನು ಅಣ್ಣನ ಕೈಗೆ ಹಿಂದಕ್ಕೆ ಕೊಟ್ಟರು. ಜಗಳವಾಡಲಿಲ್ಲ, ಉಪದೇಶ ಮಾಡಲಿಲ್ಲ. "ಅವ್ವ ಆಕಿ ಪಾಲಿಗೆ ಬಂದಿದ್ದನ್ನ ಅಷ್ಟss ಬರೀಬಹುದು. ಎಲ್ಲಾ ಹೊಲ ಬರಿಯಾಕ ಅದು ಆಕಿದಲ್ಲ. ಆಕಿ ಒಪ್ಪದ ಕಾಗದಕ್ಕ ನಾ ಮುದ್ರಿ ಹಾಕಂಗಿಲ್ಲ" ಎಂದಷ್ಟೇ ಹೇಳಿದರು. ಫೀ ತೆಗೆದುಕೊಳ್ಳಲಿಲ್ಲ. ಅಣ್ಣ ಅಲ್ಲಿಂದ ಬೇರೆ ಕಡೆಗೆ ಹೋಗಬಹುದಿತ್ತು. ಕಣ್ಣು ಮುಚ್ಚಿ ಮುದ್ರೆ ಒತ್ತುವವರು ಸಿಗುತ್ತಿರಲಿಲ್ಲವೆಂದಲ್ಲ. ಆದರೆ ಹೋಗಲಿಲ್ಲ. ದಾರಿಯುದ್ದಕ್ಕೂ ಅವ್ವ ಒಂದು ಮಾತೂ ಆಡಲಿಲ್ಲವಂತೆ. ಆ ಮೌನ ಅವನಿಗೆ ತಾಗಿರಬೇಕು.

ಅದಾದ ಮೇಲೆಯೇ ಟ್ರಂಕು ತೆರೆದದ್ದು. ಅಣ್ಣನೇ ಕೀಲಿ ಕೊಟ್ಟು, ಕಾಗದವೆಲ್ಲ ಹಾಸಿ ನೋಡಲು ನಮ್ಮನ್ನು ಕರೆದ. ನಾಲ್ಕಾರು ಸಲ ಕೂತೆವು, ಎರಡು ಸಲ ಅಳುತ್ತ ಎದ್ದು ಬಂದೆವು. 2022ರಲ್ಲಿ ವಾಟ್ನಿಪತ್ರ ಬರೆಸಿ ಸಬ್ ರಜಿಸ್ಟ್ರಾರರ ಕಚೇರಿಯಲ್ಲಿ ರಜಿಸ್ಟರ್ ಮಾಡಿಸಿದೆವು. ಬೋರಿನ ಹೊಲ ಅಣ್ಣನಿಗೇ ಬಿಟ್ಟೆವು, ಅವನ ದುಡಿಮೆ ಅದರಲ್ಲಿದೆ. ತಂಗಿಗೆ ರಸ್ತೆಯ ಕಡೆಯ ತುಂಡು ಬಂತು. ಅದನ್ನವಳು ಲಾವಣಿಗೆ ಕೊಟ್ಟಿದ್ದಾಳೆ, ಮಗಳ ಓದು ಸಾಗಿದೆ. ಅವ್ವನ ಪಾಲು ಅವ್ವನ ಹೆಸರಿನಲ್ಲೇ ಇದೆ. ನನಗೆ ಬಂದದ್ದು ಇಪ್ಪತ್ತೆಂಟು ಗುಂಟೆ. ಪಗಾರ ಬರುವ ನಿನಗೇಕೆ ಹೊಲ ಎಂದು ಕೆಲವರು ಕೇಳಿದರು. ಬಿಟ್ಟುಕೊಡಬೇಕೆಂದು ನನಗೂ ಒಂದು ಕ್ಷಣ ಅನಿಸಿತು. ಬಿಡುವುದೇ ಆದರೆ ಅದು ನನ್ನದಾದ ಮೇಲೆ, ಓದಿ, ತಿಳಿದು, ನನ್ನ ಕೈಯಾರೆ ಬಿಡುತ್ತೇನೆ ಎಂದುಕೊಂಡು ಇಟ್ಟುಕೊಂಡೆ. ಉತಾರದಲ್ಲಿ ನನ್ನ ಹೆಸರು ಬಂದ ದಿನ ಅದನ್ನು ಮೂರು ಸಲ ಓದಿದೆ. ಈಗಲೂ ಆ ಹೊಲವನ್ನು ಅಣ್ಣನೇ ಮಾಡುತ್ತಾನೆ, ಸುಗ್ಗಿಗೆ ಎರಡು ಚೀಲ ಜೋಳ ಕಳಿಸುತ್ತಾನೆ.

ಆ ವರ್ಷದ ಪಂಚಮಿಗೆ ಅವನು ಕರೆಯಲು ಬಂದ. ಹೆಚ್ಚು ಮಾತಾಡಲಿಲ್ಲ. ಚಹಾ ಕುಡಿದು, "ಹೊತ್ತಾತು, ಹೊಂಡ್ರಿ" ಎಂದ. ಕರೋಶಿಯ ಮನೆಯಲ್ಲಿ ವೈನಿ ಎಳ್ಳುಂಡಿ, ಶೇಂಗಾದುಂಡಿ ಕಟ್ಟಿಟ್ಟಿದ್ದಳು. ಮೊದಲಿನಂತೆ ಎಲ್ಲ ಸರಿಯಾಯಿತು ಎಂದು ಹೇಳಿದರೆ ಸುಳ್ಳಾದೀತು. ಒಡೆದ ಗಡಿಗೆಗೆ ಬೆಸುಗೆ ಹಾಕಿದ ಗುರುತು ಉಳಿದೇ ಉಳಿಯುತ್ತದೆ. ಆದರೆ ಹೆದರಿಕೆ ಇಲ್ಲ, ಮುಚ್ಚುಮರೆ ಇಲ್ಲ. ಈ ಪಂಚಮಿಯಲ್ಲಿ ಅಣ್ಣ ತಂಗಿಯ ಮಗಳ ಫೀ ಎಷ್ಟಾಯಿತೆಂದು ತಾನಾಗಿ ಕೇಳಿದ.

ಟ್ರಂಕು ಈಗಲೂ ಪಡಸಾಲೆಯ ಮೂಲೆಯಲ್ಲೇ ಇದೆ, ಕೀಲಿ ಅವ್ವನ ಸೊಂಟದಲ್ಲಿದೆ. ಹೋದಾಗೊಮ್ಮೆ ನಾನು ಆ ಮೋಡಿ ಕಾಗದ ತೆಗೆದು ಬಳೆಯ ಗುರುತನ್ನು ನೋಡುತ್ತೇನೆ. ನನ್ನ ಶಾಲೆಯ ಹತ್ತನೆಯ ತರಗತಿಯ ಹುಡುಗಿಯರಿಗೆ ವರ್ಷದ ಕೊನೆಯ ಪಿರಿಯಡ್ಡಿನಲ್ಲಿ ಪಠ್ಯದಲ್ಲಿ ಇಲ್ಲದ ಒಂದು ಪಾಠ ಹೇಳುತ್ತೇನೆ. ಯಾರೇ ಕೊಡಲಿ, ಅಣ್ಣನೇ ಕೊಡಲಿ, ಗಂಡನೇ ಕೊಡಲಿ, ನಾಳೆ ನಿಮ್ಮ ಮಕ್ಕಳೇ ಕೊಡಲಿ, ಕಾಗದ ಓದಿ ಸಹಿ ಮಾಡಿರಿ. ಭಾಷೆ ತಿಳಿಯದಿದ್ದರೆ ಓದಿ ಹೇಳಿರಿ ಎಂದು ಕೇಳಿರಿ. ನಕಲು ಒಂದು ಇಸಿದುಕೊಳ್ಳಿರಿ. ಮುದ್ರೆ ಹಾಕುವವರು ನಿಮ್ಮ ಮುಖ ನೋಡದಿದ್ದರೆ ನೀವೇ ತಲೆಯೆತ್ತಿ ಅವರ ಮುಖ ನೋಡಿರಿ. ಅಲ್ಲಿ ಕುರ್ಚಿ ಇದ್ದರೆ ಕೂತುಕೊಳ್ಳಿರಿ, ಅವಸರ ಮಾಡಬೇಡಿರಿ.

ಹುಡುಗಿಯರು ನಗುತ್ತಾರೆ. ನಗಲಿ. ಒಬ್ಬಳಾದರೂ ಬರೆದುಕೊಳ್ಳುತ್ತಾಳೆ.